ಕಾಡುಸೇಬಿನ ಹೊಂಡ

"ಆ ಫೋಟೋಗಳನ್ನ ಮೇಜಿನ ಮೇಲಿಂದ ತೆಗೀತೀಯೋ, ಇಲ್ಲ ಅದರ ಮೇಲೇ ಆಲೂಗಡ್ಡೆ ಬಡಿಸ್ಲೋ?" ಎಂದಳು ಮೇವಿಸ್.

"ಇನ್ನೊಂದೇ ಹೊಲ ಅಮ್ಮ," ಎಂದಳು ಲೋರ್ನಾ, ಭೂತಗನ್ನಡಿಯಿಂದ ಕಣ್ಣು ಕೀಳದೆ.

"ನಿನ್ನ ಇನ್ನೊಂದು ಹೊಲ ಮುಗಿಯೋ ಹೊತ್ತಿಗೆ ನಿಮ್ಮಪ್ಪ ಮೇಜನ್ನೇ ತಿಂದಿರ್ತಾರೆ."

ಫೋಟೋಗಳು ವಿಮಾನದಿಂದ ತೆಗೆದವು. ಇಂಗ್ಲೆಂಡಿನ ಚೆಷೈರಿನ ಆ ಸೀಮೆಯಲ್ಲಿ ಹೊಂಡವಿಲ್ಲದ ಹೊಲವೇ ಇರಲಿಲ್ಲ. ಮುತ್ತಾತಂದಿರು ಹೊಲಕ್ಕೆ ಹರಡಲು ಸುಣ್ಣದಂಶದ ಜೇಡಿಮಣ್ಣು ಅಗೆದ ಕುಳಿಗಳಲ್ಲೆಲ್ಲ ನೀರು ನಿಂತು, ದನಗಳು ಕುಡಿಯುವ ಹೊಂಡಗಳಾಗಿದ್ದವು. ಕೊಟ್ಟಿಗೆಗೆ ನಲ್ಲಿ ಬಂದ ಮೇಲೆ ಅವು ಒಂದೊಂದಾಗಿ ಮುಚ್ಚಿಹೋಗುತ್ತಿದ್ದವು. ಎಷ್ಟು ಉಳಿದಿವೆ ಎಂದು ನೋಡುವ ಕೆಲಸವನ್ನು ಊರ ಪ್ರಾರ್ಥನಾಮಂದಿರ ಚಾಪೆಲ್ಲಿನ ಹಿರಿಯರಾದ ಪೆನ್‌ಕೆತ್ ಮೇಷ್ಟ್ರು ವಹಿಸಿಕೊಂಡಿದ್ದರು. ಕಣ್ಣು ಚುರುಕಾಗಿರುವ, ಮಾತು ಕಡಿಮೆ ಇರುವ ಹುಡುಗಿ ಬೇಕೆಂದು ಲೋರ್ನಾಳನ್ನು ಹಿಡಿದರು. ನೀರು ಕಂಡ ಕಡೆ ನೀಲಿ ಪೆನ್ಸಿಲ್‌ನಿಂದ ಉಂಗುರ ಬರೆಯಬೇಕು, ಮುಚ್ಚಿದ ಕಡೆ ಕೆಂಪು ಗುಣಿಸು ಗುರುತು. ಮೋಡ ಅಡ್ಡ ಬಂದ ಕಡೆ ಏನೂ ಬರೆಯಬಾರದು. ಆ ಭಾಗವನ್ನು ಸುತ್ತಮುತ್ತಲಿನ ಹೊಲಗಳ ಸಮೇತ ಆಗಸ್ಟ್‌ನಲ್ಲಿ ವಿಮಾನ ಮತ್ತೆ ಬಂದು ತೆಗೆಯುತ್ತದೆ ಎಂದಿದ್ದರು ಮೇಷ್ಟ್ರು.

ಕಪ್ಪಗಿದ್ದುದೆಲ್ಲ ನೀರಲ್ಲ ಎಂಬುದನ್ನು ಲೋರ್ನಾ ಮೊದಲ ವಾರದಲ್ಲೇ ಕಲಿತಿದ್ದಳು. ಓಕ್ ಮರದ ನೆರಳೂ ಕಪ್ಪು, ಗೊಬ್ಬರದ ತಿಪ್ಪೆಯೂ ಕಪ್ಪು. ಪಾಚಿ ಮುಚ್ಚಿದ ಹೊಂಡವಂತೂ ಹುಲ್ಲುಗಾವಲೇ ಎನ್ನುವ ಹಾಗೆ ಮಲಗಿರುತ್ತಿತ್ತು.

ಅಷ್ಟರಲ್ಲಿ ಅಪ್ಪ ರ್ಯಾಂಡಲ್ ಹಿತ್ತಿಲ ಬಾಗಿಲಲ್ಲಿ ಬೂಟು ಕಳಚಿ ಒಳಗೆ ಬಂದ. ಕೈಯಲ್ಲಿ ಟೋಪಿ ಅಂಗಾತ ಹಿಡಿದಿದ್ದ. ಟೋಪಿಯೊಳಗೆ ಹುಲ್ಲು, ಹುಲ್ಲಿನ ಮೇಲೆ ಕಂದು ಚುಕ್ಕೆಯ ಸಣ್ಣ ಮೊಟ್ಟೆಗಳು.

"ಬಂತಾ?" ಎಂದು ಒಲೆಯ ಪಕ್ಕದ ಕುರ್ಚಿಯಿಂದ ಅಜ್ಜಿ ಆನಿಸ್ ಕೈ ಚಾಚಿದಳು. "ನನ್ನ ಹೊಂಡದ್ದು ತಾನೇ?"

"ಮತ್ತೆ ಯಾರ ಹೊಂಡದ್ದು ತರ್ಲಿ?"

"ಗೂಡಲ್ಲಿ ಎರಡು ಬಿಟ್ಯೇನೋ?"

"ಬಿಟ್ಟೆ ಅಮ್ಮ."

"ಬಿಡ್ಬೇಕು. ಪೂರ್ತಿ ತೆಗೆದ್ರೆ ನೀರುಕೋಳಿ ಮುನಿಸ್ಕೊಂಡು ಊರೇ ಬಿಡುತ್ತೆ."

ಉದ್ದನೆಯ ಕೋಲಿಗೆ ಚಮಚ ಕಟ್ಟಿ, ದಡದಲ್ಲೇ ನಿಂತು ನೀರುಕೋಳಿಯ ಮೊಟ್ಟೆ ಎತ್ತುವುದು ಆ ಮನೆಯಲ್ಲಿ ಪ್ರತಿ ವಸಂತದ ಕೆಲಸ. ಆನಿಸ್ ಮದುವೆಯಾಗಿ ಬರುವಾಗ ಅವಳಪ್ಪ ಬಳುವಳಿಯಾಗಿ ಕೊಟ್ಟ ಹೊಲ ದೂರದ ಅಂಚಿನಲ್ಲಿತ್ತು. ಅದರ ನಡುವೆ ಒಂದು ಹೊಂಡ, ಹೊಂಡದ ದಡದಲ್ಲಿ ಬಾಗಿದ ಕಾಡುಸೇಬಿನ ಮರ. ಆಚೆಗಿದ್ದ ತವರುಮನೆಯನ್ನು ತಮ್ಮ ಮಾರಿಕೊಂಡು, ಈಗ ಅಲ್ಲಿ ಸಾಲು ಬಂಗಲೆಗಳೆದ್ದಿದ್ದವು. ಗಂಡನ ಮೇಲೆ ಸಿಟ್ಟು ಬಂದಾಗಲೂ, ಹೆತ್ತ ಮಗು ಉಳಿಯದೆ ಹೋದಾಗಲೂ ಅವಳು ಹೋಗಿ ಕೂತಿದ್ದು ಆ ಹೊಂಡದ ದಡದಲ್ಲೇ. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿ ಬಂದ ಮೇಲೆ ಕೆಳಗಿನ ಮುಂದಿನ ಕೋಣೆ ಮತ್ತು ಈ ಅಡುಗೆಮನೆ, ಇವೆರಡೇ ಅವಳ ಪ್ರಪಂಚ.

ಮೇವಿಸ್ ಮೊಟ್ಟೆಗಳನ್ನು ಬೇಕನ್ ಕೊಬ್ಬಿನಲ್ಲಿ ಹುರಿದುಕೊಟ್ಟಳು. ಆನಿಸ್ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿ, ನಿಧಾನವಾಗಿ ತಿಂದು, ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿದಳು.

"ರ್ಯಾಂಡಲ್, ಈ ಸಲ ಪೆಂತೆಕೋಸ್ತು ಹಬ್ಬದ ಭಾನುವಾರ ನನ್ನ ಅಲ್ಲಿಗೆ ಕರ್ಕೊಂಡು ಹೋಗ್ಬೇಕು."

"ಎಲ್ಲಿಗೆ?"

"ಲಂಡನ್ನಿಗೆ! ಎಲ್ಲಿಗೆ ಅಂತಾನೆ. ಹೊಂಡಕ್ಕೆ ಕಣೋ. ಟ್ರ್ಯಾಕ್ಟರ್ ಹಿಂದಿನ ಪೆಟ್ಟಿಗೇಲಿ ಕುರ್ಚಿ ಕಟ್ಟು. ಕರುವನ್ನ ಕರ್ಕೊಂಡು ಹೋಗಲ್ವಾ, ಹಾಗೇ."

ರ್ಯಾಂಡಲ್ ಉಪ್ಪಿನ ಡಬ್ಬಿಗೆ ಕೈ ಚಾಚಿದ. ಅವನ ಆಲೂಗಡ್ಡೆಗೆ ಆಗಲೇ ಉಪ್ಪು ಬಿದ್ದಿತ್ತು. "ನೋಡೋಣ ಅಮ್ಮ," ಎಂದ.

ಮೇವಿಸ್ ಎದ್ದು ಸುಮ್ಮನೆ ಒಲೆಯ ಬಾಗಿಲು ತೆಗೆದು ಮುಚ್ಚಿದಳು. ಲೋರ್ನಾ ಇಬ್ಬರನ್ನೂ ನೋಡಿದಳು.

*

ಅವರದೇ ಹೊಲಗಳ ಹಾಳೆ ಮುಂದಿನ ವಾರದ ಕಟ್ಟಿನಲ್ಲಿತ್ತು. ಲೋರ್ನಾ ಮೊದಲು ಮನೆಯ ಚಾವಣಿ ಗುರುತಿಸಿ ನಕ್ಕಳು. ಹಗ್ಗದ ಮೇಲೆ ಒಣಗಲು ಹಾಕಿದ್ದ ಹೊದಿಕೆ ಅಕ್ಕಿಕಾಳಿನಷ್ಟು ಚಿಕ್ಕದಾಗಿ ಬೆಳ್ಳಗಿತ್ತು. ಅಲ್ಲಿಂದ ದಾರಿ ಹಿಡಿದು, ಗೇಟು ದಾಟಿ, ಬಳುವಳಿ ಹೊಲಕ್ಕೆ ಭೂತಗನ್ನಡಿ ಸರಿಸಿದಳು. ಅಲ್ಲಿ ನೀರಿರಲಿಲ್ಲ. ಮರವಿರಲಿಲ್ಲ. ಹೊಲವನ್ನು ಎರಡು ಮಾಡುತ್ತಿದ್ದ ಬೇಲಿಯೂ ಇರಲಿಲ್ಲ. ನಡುವೆ ಹುಲ್ಲು ಮಾತ್ರ ಒಂದಿಷ್ಟು ದುಂಡಗೆ, ಸುತ್ತಲಿನದಕ್ಕಿಂತ ಗಾಢವಾಗಿ ಬೆಳೆದಿತ್ತು. ಒದ್ದೆ ಲೋಟ ಇಟ್ಟೆತ್ತಿದರೆ ಮೇಜಿನ ಮೇಲೆ ಉಳಿಯುವ ಗುರುತಿನ ಹಾಗೆ.

ಅತ್ತ ಕಾಲಿಟ್ಟು ವರ್ಷಗಳಾಗಿದ್ದ ಅವಳು ಸೈಕಲ್ ಹತ್ತಿ ಹೋಗಿ ನೋಡಿದಳು. ನಿಂತ ಮಟ್ಟದಿಂದ ಆ ದುಂಡು ಕೂಡ ಕಾಣಲಿಲ್ಲ. ಬರೀ ಹುಲ್ಲು, ಮೇಯುವ ಹಸುಗಳು. ಒಂದು ಕಡೆ ಮಾತ್ರ ಕಾಲಿಟ್ಟರೆ ನೆಲ ಮೆತ್ತಗೆ ಒಳಗೆಳೆಯುತ್ತಿತ್ತು.

ಸಂಜೆ ಹಾಲು ಕರೆಯುವ ಕೊಟ್ಟಿಗೆಯಲ್ಲಿ ಅಪ್ಪನ ಹಿಂದೆ ನಿಂತಳು.

"ಅಪ್ಪ, ಹೊಂಡ ಎಲ್ಲಿ?"

ರ್ಯಾಂಡಲ್ ಹಸುವಿನ ಕೆಚ್ಚಲು ಒರೆಸುತ್ತಲೇ ಇದ್ದ. "ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಮೇಲಿಂದ ಕಾಣ್ತು."

"ಹೂಂ. ಮೇಲಿಂದ ನೋಡೋರೊಬ್ಬರು ಇದಾರೆ ಅಂತ ಚಾಪೆಲ್ಲಲ್ಲಿ ಹೇಳ್ತಾನೇ ಇದ್ರು." ನಗಿಸಲು ನೋಡಿದ. ಲೋರ್ನಾ ನಗಲಿಲ್ಲ.

"ನಿಮ್ಮಜ್ಜಿ ಆಸ್ಪತ್ರೇಲಿದ್ದ ಚಳಿಗಾಲ," ಎಂದ ಕೊನೆಗೆ. "ಮನೆಗೆ ಬರ್ತಾರೆ ಅಂತ ಆಸೆ ಇಟ್ಕೋಬೇಡಿ ಅಂದಿದ್ರು ಡಾಕ್ಟ್ರು. ಅದೇ ಹೊತ್ತಿಗೆ ಪಕ್ಕದ ಡಟನ್ ಹೊಲಕ್ಕೆ ಮಣ್ಣು ತಳ್ಳೋ ಯಂತ್ರ ಬಂದಿತ್ತು. ಹುಲ್ಲು ಕತ್ತರಿಸೋ ಗಾಡಿ ಆ ಹೊಂಡ ಸುತ್ತೋಕೇ ಅರ್ಧ ದಿನ ತಗೋತಿತ್ತು. ಮುಚ್ಚಿಸ್ದೆ."

"ಮುಚ್ಚಲ್ಲ ಅಂತ ಅಜ್ಜಿಗೆ ಮಾತು ಕೊಟ್ಟಿದ್ಯಲ್ಲ!"

"ನೀನು ಬದುಕಿರೋವರೆಗೆ ಮುಚ್ಚಲ್ಲ ಅಂದಿದ್ದೆ. ಬದುಕಲ್ಲ ಅಂದ್ಕೊಂಡೆ." ಅವನ ದನಿ ಹಾಲಿನ ಪಂಪಿನ ಸದ್ದಿನಲ್ಲಿ ಅರ್ಧ ಮುಳುಗಿತು. "ವಾಪಸ್ ಬಂದ್ಲು. ಗಾಡಿ ಇಳಿಯೋಕೆ ಮುಂಚೆ ಕೇಳಿದ್ದೇ ಹೊಂಡ ಹೇಗಿದೆ ಅಂತ. ಚೆನ್ನಾಗಿದೆ ಅಂದ್ಬಿಟ್ಟೆ. ಒಂದ್ಸಲ ಚೆನ್ನಾಗಿದೆ ಅಂದ್ಮೇಲೆ ಪ್ರತಿ ವರ್ಷವೂ ಚೆನ್ನಾಗಿರಲೇಬೇಕಲ್ಲ."

"ಮೊಟ್ಟೆ?"

"ಡಟನ್ ಹೊಂಡದ್ದು. ಬೆಳಿಗ್ಗೆ ಅವನು ಏಳೋಕೆ ಮುಂಚೆ ಹೋಗ್ತೀನಿ."

ಲೋರ್ನಾ ಅಡುಗೆಮನೆಗೆ ಬಂದಾಗ ಮೇವಿಸ್ ಸಿಹಿ ಪೈ ಕಡುಬಿಗೆಂದು ಹುಳಿಯಾದ ರುಬಾರ್ಬ್ ದಂಟು ಹೆಚ್ಚುತ್ತಿದ್ದಳು. ಮಗಳ ಮುಖ ನೋಡಿದವಳೇ ಚಾಕು ಕೆಳಗಿಟ್ಟು ಮುಂದಿನ ಕೋಣೆಯ ಬಾಗಿಲು ಮುಚ್ಚಿ ಬಂದಳು.

"ನಿಂಗೂ ಗೊತ್ತಿತ್ತಾ ಅಮ್ಮ?"

"ಗೊತ್ತಿಲ್ದೆ ಏನು? ನಿಮ್ಮಪ್ಪ ಕದ್ದ ಮೊಟ್ಟೆ ಹುರಿಯೋಳು ನಾನು." ಮತ್ತೆ ಚಾಕು ಎತ್ತಿಕೊಂಡಳು. "ಅತ್ತೆಗೆ ಉಳಿದಿರೋದು ಅದೊಂದೇ ಕಣೇ. ಇದ್ರೆ ಇರ್ಲಿ ಬಿಡು."

"ಇಲ್ವಲ್ಲಮ್ಮ, ಅದೇ ಇಲ್ವಲ್ಲ!"

"ಅವರ ತಲೇಲಿ ಇದೆ. ಅಲ್ಲಿಗೂ ಯಂತ್ರ ಕಳಿಸ್ಬೇಡ."

*

ಲೋರ್ನಾ ಆ ಹಾಳೆಯನ್ನು ಕಟ್ಟಿನ ತಳಕ್ಕೆ ಸೇರಿಸಿದಳು. ಆದರೆ ಅಜ್ಜಿಯ ನಡಿಗೆ ಮಂದವಾಗಿದ್ದರೂ ಲೆಕ್ಕ ಮಂದವಾಗಿರಲಿಲ್ಲ.

"ಡಟನ್ನರದ್ದು ಬಂತು, ಚಾಪೆಲ್ ಹಿಂದಿನದ್ದು ಬಂತು. ನಮ್ಮದು ಇನ್ನೂ ಬರ್ಲಿಲ್ವಾ? ವಿಮಾನ ನಮ್ಮ ಮನೆ ಕಂಡ್ರೆ ಸುತ್ತು ಹಾಕ್ಕೊಂಡು ಹೋಗುತ್ತಾ?"

"ಬಂದಿದೆ ಅಜ್ಜಿ," ಎಂದುಬಿಟ್ಟಳು ಲೋರ್ನಾ. ಬಾಯಿಂದ ಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಡಟನ್ ಹೊಲದ ಇನ್ನೊಂದು ಹಾಳೆ ಹುಡುಕಿ, ಅಲ್ಲಿದ್ದ ಹೊಂಡದ ಮೇಲೆ ಭೂತಗನ್ನಡಿ ಇಟ್ಟು ಅಜ್ಜಿಯ ಮಡಿಲಿಗೆ ಕೊಟ್ಟಳು.

ಆನಿಸ್ ಬಹಳ ಹೊತ್ತು ಬಗ್ಗಿ ನೋಡಿದಳು. "ಇಷ್ಟೇನಾ? ನನ್ನ ಹೆಬ್ಬೆರಳ ಉಗುರಷ್ಟಿಲ್ಲ. ನೀರು ಹೆಪ್ಪುಗಟ್ಟಿದಾಗ ನಾವು ಇದರ ಮೇಲೆ ಚಳಿಗಾಲ ಪೂರ್ತಿ ಜಾರಿದ್ವಲ್ಲೇ. ಅಮ್ಮ ಆಚೆ ದಡದಿಂದ ಕೂಗಿದ್ರೆ ಈಚೆಗೆ ಕೇಳ್ತಿರಲಿಲ್ಲ." ಮತ್ತೆ ಬಗ್ಗಿದಳು. "ಕಾಡುಸೇಬು ಎಲ್ಲಿ?"

"ಎಲೆ ಬಿಟ್ಟಿರಲಿಲ್ಲ ಅಜ್ಜಿ. ಅದಕ್ಕೇ ಕಾಣ್ತಿಲ್ಲ."

"ಹೌದೌದು. ಯಾವಾಗ್ಲೂ ತಡ ಅದು. ಸೋಮಾರಿ ಮರ."

ಅವತ್ತಿನಿಂದ ದಿನಾ ಚಹಾ ಕುಡಿದ ಮೇಲೆ ಆ ಹಾಳೆ ಕೇಳತೊಡಗಿದಳು. ಹಾಳೆಯ ಮೇಲೆ ಬೆರಳಿಟ್ಟು, ಇಲ್ಲಿ ಹಸು ಇಳಿಯುತ್ತಿತ್ತು, ಇಲ್ಲಿ ತಮ್ಮ ಬೂಟು ಕಳೆದುಕೊಂಡ, ಇಲ್ಲಿ ಆಳ ಎಂದು ಹೇಳುತ್ತಿದ್ದಳು. ಎಲ್ಲವೂ ಡಟನ್ನನ ಹೊಂಡದ ಮೇಲೆ. ಲೋರ್ನಾ ಹೂಂಗುಟ್ಟುತ್ತಿದ್ದಳು. ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಗೊತ್ತಾಗಿ ಅಪ್ಪನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ತನ್ನ ಮೇಲೆ ಬಂತು.

ಪೆಂತೆಕೋಸ್ತಿಗೆ ನಾಲ್ಕು ದಿನ ಇರುವಾಗ ಊಟದ ಹೊತ್ತಿಗೆ ರ್ಯಾಂಡಲ್, "ಟ್ರ್ಯಾಕ್ಟರ್ ಚಕ್ರ ಸರಿಯಿಲ್ಲಮ್ಮ," ಎಂದ.

"ನಿನ್ನೆ ಗೊಬ್ಬರ ಎಳೀತಲ್ಲ?"

"ಅದಕ್ಕೇ ಈಗ ಸರಿಯಿಲ್ಲ. ಹೊಲಾನೂ ಕೆಸರು."

"ಕೆಸರಾ? ಮಳೆ ಬಿದ್ದು ಎಷ್ಟು ದಿನವಾಯ್ತು?"

"ನಿನ್ನ ಸೊಂಟಕ್ಕೆ ಏನಾದ್ರೂ ಆದ್ರೆ?"

"ನನ್ನ ಸೊಂಟ, ನನ್ನ ಹೊಲ, ನನ್ನ ಹೊಂಡ. ನೀನು ಕರ್ಕೊಂಡು ಹೋಗಲ್ಲ ಅಂದ್ರೆ ಪೆನ್‌ಕೆತ್ ಮೇಷ್ಟ್ರ ಕಾರಲ್ಲಿ ಗೇಟಿನವರೆಗೆ ಹೋಗಿ, ಅಲ್ಲಿಂದ ತೆವಳ್ತೀನಿ!"

"ಏನಂಥಾ ಹಠ ನಿಂದು? ಒಂದು ಹೊಂಡಕ್ಕೆ!"

"ಒಂದೇ ಇರೋದು ಅಂತಾನೇ ಹಠ!"

ಮೇವಿಸ್ ಸಾರಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಹೇಳಿಬಿಡಿ ಅವರಿಗೆ. ಇನ್ನು ನನ್ನ ಕೈಲಿ ಆಗಲ್ಲ."

ಲೋರ್ನಾ ಎದ್ದು ಹೋಗಿ ಕಟ್ಟಿನ ತಳದಿಂದ ಸರಿಯಾದ ಹಾಳೆ ತಂದಳು. ಅಜ್ಜಿಯ ತಟ್ಟೆ ಸರಿಸಿ, ಅದರ ಜಾಗದಲ್ಲಿ ಹಾಳೆಯನ್ನಿಟ್ಟು, ಭೂತಗನ್ನಡಿಯನ್ನು ಕೈಗೆ ಕೊಟ್ಟಳು. "ಇದು ನಮ್ಮದು ಅಜ್ಜಿ. ಇಷ್ಟು ದಿನ ತೋರಿಸಿದ್ದು ನಮ್ಮದಲ್ಲ."

ಆನಿಸ್ ಮನೆಯ ಚಾವಣಿ ಗುರುತಿಸಿದಳು. ದಾರಿ ಹಿಡಿದಳು. ಗೇಟು ದಾಟಿದಳು. ಕನ್ನಡಿ ಅಲ್ಲೇ ನಿಂತಿತು.

"ಏನು ಹಾಕಿ ಮುಚ್ಚಿದೆ?" ಎಂದಳು.

"ಬೇಲಿ ಕಿತ್ತಿದ್ದು," ಎಂದ ರ್ಯಾಂಡಲ್, ನೆಲ ನೋಡುತ್ತ. "ಹಂದಿಗೂಡಿನ ಹಳೇ ಹೆಂಚು. ಅಪ್ಪನ ಮುರುಕು ಗಾಡಿ. ಮೇಲೆ ಮಣ್ಣು."

"ಮರ?"

"ಅದೂ."

"ಮೊಟ್ಟೆ ಎಲ್ಲಿಂದ ಬಂತು?"

"ಡಟನ್ ಹೊಂಡದಿಂದ."

"ಡಟನ್ನನ ಕದ್ದ ಮೊಟ್ಟೆಗೆ ದೇವರಿಗೆ ಸ್ತೋತ್ರ ಹೇಳಿಸಿದ್ಯಲ್ಲೋ ನನ್ನ ಕೈಲಿ." ಅವಳು ಕೋಲು ಹಿಡಿದು ಎದ್ದಳು. ಆಸರೆ ಕೊಡಲು ಬಂದ ಲೋರ್ನಾಳನ್ನು ನೋಡಿ, "ನೀನೂ," ಎಂದಳು. ತಾನೇ ಮುಂದಿನ ಕೋಣೆಗೆ ನಡೆದಳು.

*

ಆನಿಸ್ ಊಟಕ್ಕೆ ಅಡುಗೆಮನೆಗೆ ಬರುವುದನ್ನು ಬಿಟ್ಟಳು. ತಟ್ಟೆ ಮುಂದಿನ ಕೋಣೆಗೆ ಹೋಗುತ್ತಿತ್ತು, ಅರ್ಧ ಹಾಗೆಯೇ ವಾಪಸ್ ಬರುತ್ತಿತ್ತು. ಮಗನಿಗೆ ಹೇಳಬೇಕಾದ್ದನ್ನು ಸೊಸೆಗೆ ಹೇಳುತ್ತಿದ್ದಳು.

"ಮೇವಿಸ್, ನಿನ್ನ ಗಂಡನಿಗೆ ಹೇಳು, ಬೂಟು ಸದ್ದು ಮಾಡ್ಬೇಡ ಅಂತ."

"ಅತ್ತೆ, ಅವರು ಇಲ್ಲೇ ನಿಂತಿದಾರೆ."

"ಹತ್ತಿರವಿದ್ರೆ ಬೇಗ ಹೇಳ್ಬಹುದು, ಹೇಳು."

ಪೆಂತೆಕೋಸ್ತು ಬಂತು, ಹೋಯಿತು. ಅವತ್ತು ಅವಳು ಕಪ್ಪು ಗೌನು ತೊಟ್ಟು, ಬಿಳಿ ತಲೆವಸ್ತ್ರ ಕಟ್ಟಿ, ಕಿಟಕಿಯ ಬಳಿ ಸಂಜೆಯವರೆಗೆ ಕೂತಿದ್ದಳು. ಅಲ್ಲಿಂದ ರಸ್ತೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಮರುದಿನ ರ್ಯಾಂಡಲ್ ಅಗೆಯುವ ಯಂತ್ರವೊಂದನ್ನು ಬಾಡಿಗೆಗೆ ತಂದ. ಯಾರಿಗೂ ಹೇಳಲಿಲ್ಲ. ಸಂಜೆ ಮಂಕು ಮುಖ ಹೊತ್ತು ಬಂದು ಲೋರ್ನಾಳ ಎದುರು ಕೂತ.

"ಸಿಗ್ತಿಲ್ಲ ಕಣೇ. ಎರಡು ಕಡೆ ಅಗೆದೆ. ಬರೀ ಹಳದಿ ಮಣ್ಣು."

"ನಲವತ್ತು ವರ್ಷ ಓಡಾಡಿದ ಹೊಲ, ಹೊಂಡ ಎಲ್ಲಿತ್ತು ಅಂತ ಮರ್ತುಹೋಯ್ತಾ?" ಎಂದಳು ಮೇವಿಸ್.

"ಬೇಲಿ ಮೂಲೆಯಿಂದ ಅಳೀತಿದ್ದೆ. ಬೇಲೀನೂ ಕಿತ್ತಿದ್ದೀನಲ್ಲ. ಮರ ಇಲ್ಲ, ಏನೂ ಇಲ್ಲ. ನಿಂತ್ಕೊಂಡ್ರೆ ಎಲ್ಲಾ ಒಂದೇ ಥರ." ಅವನು ಕೈ ಚಾಚಿದ. "ಆ ಹಾಳೆ ಕೊಡೆ."

ಲೋರ್ನಾ ಹಾಳೆಯೊಂದಿಗೆ ತಾನೂ ಹೊರಟಳು. ಚಿತ್ರದಲ್ಲಿ ಗೇಟಿನಿಂದ ಹೊಲದಾಚೆಯ ಓಕ್ ಮರದವರೆಗೆ ದಾರ ಹಿಡಿದು, ಅದೇ ಅಳತೆಯಲ್ಲಿ ದುಂಡಿನವರೆಗಿನ ದೂರ ಲೆಕ್ಕ ಹಾಕಿದಳು. ಹೊಲದಲ್ಲಿ ಹೆಜ್ಜೆ ಹಾಕಿ ಹೋಗಿ, ನೆಲ ಮೆತ್ತಗೆ ಒಳಗೆಳೆದ ಕಡೆ ನಿಂತು ಕೈ ಎತ್ತಿದಳು. ಅವಳು ಸುತ್ತಲೂ ಗೂಟ ನೆಟ್ಟಳು, ಅವನು ಗೂಟದೊಳಗೆ ಅಗೆದ. ಮೊದಲು ಹಳದಿ ಮಣ್ಣು. ಆಮೇಲೆ ಹೆಂಚು. ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ. ಕಾಡುಸೇಬಿನ ಬುಡ ಬಂದಾಗ ರ್ಯಾಂಡಲ್ ಯಂತ್ರ ನಿಲ್ಲಿಸಿ ಇಳಿದು, ಅದನ್ನು ಕೈಯಿಂದಲೇ ಪಕ್ಕಕ್ಕೆ ಎಳೆದಿಟ್ಟ. ಅದರ ಕೆಳಗೆ ಕಪ್ಪು ಕೆಸರು, ಕೆಸರಿನ ತುಂಬ ಸಣ್ಣ ಸಣ್ಣ ಬಸವನಹುಳದ ಚಿಪ್ಪು.

ಲೋರ್ನಾ ಒಂದು ಬೋಗುಣಿಯಲ್ಲಿ ಆ ಕೆಸರನ್ನು ಮನೆಗೆ ತಂದಳು.

"ಜಮಖಾನೆ ಮೇಲೆ ಒಂದು ತೊಟ್ಟು ಬಿದ್ರೆ ನೋಡು," ಎನ್ನುತ್ತಲೇ ಮೇವಿಸ್ ಮುಂದಿನ ಕೋಣೆಯ ಬಾಗಿಲು ತೆರೆದುಕೊಟ್ಟಳು.

ಆನಿಸ್ ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡಳು. ಏನೆಂದು ಕೇಳಲಿಲ್ಲ. ಬೆರಳು ಅದ್ದಿ ಮೂಗಿನ ಹತ್ತಿರ ತಂದಳು. ಆಮೇಲೆ ಎರಡೂ ಕೈ ಮಣಿಕಟ್ಟಿನವರೆಗೆ ಮುಳುಗಿಸಿ ಹಾಗೆಯೇ ಕೂತಳು.

"ಹಸುಗಳನ್ನ ಹೊಡ್ಕೊಂಡು ಬರೋ ಹೊತ್ತಿನ ವಾಸನೆ," ಎಂದಳು. ಕೆಸರಿನಿಂದ ಒಂದು ಚಿಪ್ಪು ಎತ್ತಿ ಒರೆಸುತ್ತ, "ನಿಮ್ಮಪ್ಪನಿಗೆ ಹೇಳು. ಪೆಂತೆಕೋಸ್ತೇ ಆಗ್ಬೇಕು ಅಂತೇನಿಲ್ಲ. ಯಾವ ಭಾನುವಾರವಾದ್ರೂ ಆದೀತು."

"ನೀನೇ ಹೇಳು ಅಜ್ಜಿ. ಬಾಗಿಲ ಹಿಂದೆ ನಿಂತಿದಾರೆ."

"ಗೊತ್ತು. ಉಸಿರಾಟ ಕೇಳ್ತಿದೆ. ಎಮ್ಮೆ ಥರ."

*

ಕುರ್ಚಿಯನ್ನು ಟ್ರ್ಯಾಕ್ಟರಿನ ಹಿಂದಿನ ಕಬ್ಬಿಣದ ಪೆಟ್ಟಿಗೆಗೆ ಹಗ್ಗದಿಂದ ಬಿಗಿದರು. ಮೇವಿಸ್ ದಿಂಬು ಒಟ್ಟಿದಳು. ಲೋರ್ನಾ ಪಕ್ಕದಲ್ಲಿ ನಡೆದಳು. ಗೇಟು ದಾಟಿದಾಗ ಆನಿಸ್ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು.

ಹೊಂಡವೆಂದರೆ ಹಸಿ ಮಣ್ಣಿನ ಒಂದು ಗುಣಿ. ದಡ ಕತ್ತರಿಸಿದ ಕೇಕಿನಂತೆ ನೆಟ್ಟಗಿತ್ತು. ತಳದಲ್ಲಿ ಹಸುವಿನ ಹೆಜ್ಜೆ ಮುಳುಗುವಷ್ಟು ಕಂದು ನೀರು.

"ನಮ್ಮಪ್ಪನ ಹೊಂಡ ಇಷ್ಟು ಕೊಳಕಾಗಿರಲಿಲ್ಲ," ಎಂದಳು.

"ಮಳೆ ಬಂದ್ರೆ ತುಂಬುತ್ತೆ ಅಮ್ಮ."

"ಆ ಕಡೆ ದಡ ಇಳಿಜಾರು ಮಾಡು. ಕರುಗಳು ಕಾಲು ಮುರ್ಕೋತಾವೆ. ಮರ ಎಲ್ಲಿತ್ತು ಗೊತ್ತಾ? ಅಲ್ಲಿ. ಇನ್ನೊಂದು ನೆಡು."

"ಅದು ಬೆಳೆಯೋ ಹೊತ್ತಿಗೆ..." ಎಂದು ರ್ಯಾಂಡಲ್ ನಿಲ್ಲಿಸಿಕೊಂಡ.

"ನೆಡು ಅಂದೆ. ಬೆಳಿ ಅಂತ ನಿಂಗೆ ಹೇಳ್ಲಿಲ್ಲ."

ಆ ಬೇಸಿಗೆಯ ಭಾನುವಾರಗಳೆಲ್ಲ ಹಾಗೇ ಕಳೆದವು. ಚಾಪೆಲ್ಲಿನಿಂದ ಬಂದು, ತಣ್ಣನೆಯ ಮಾಂಸ, ಚೀಸು, ಬ್ರೆಡ್ಡು ಬುಟ್ಟಿಗೆ ಹಾಕಿಕೊಂಡು ಹೊಂಡದ ದಡಕ್ಕೆ. ಜುಲೈನ ಮಳೆಗೆ ನೀರು ಮೊಣಕಾಲಿಗೆ ಬಂತು. ಯಾರೂ ಬಿತ್ತದಿದ್ದರೂ ತಳದ ಕೆಸರಿನಿಂದ ನೂಲಿನಂಥ ಎಳೆ ಹಸಿರು ಎದ್ದಿತು. ಅದನ್ನು ಮೊದಲು ಕಂಡವಳು ಮೇವಿಸ್. "ಅತ್ತೆ, ನೋಡಿ! ಇಷ್ಟು ವರ್ಷ ಹೆಂಚಿನ ಕೆಳಗೆ ಮಲಗಿತ್ತು!" ಎಂದು ಬೂಟಿನ ಸಮೇತ ನೀರಿಗಿಳಿದಳು. ಆನಿಸ್ ಮಾತ್ರ ಕಣ್ಣು ಕಿರಿದು ಮಾಡಿ ಆಚೆಯ ದಡದ ಹುಲ್ಲನ್ನೇ ನೋಡುತ್ತಿದ್ದಳು. ನೀರುಕೋಳಿ ಬಂದಿರಲಿಲ್ಲ. "ಮುಂದಿನ ವಾರ ಬಂದೀತು," ಎನ್ನುತ್ತಿದ್ದಳು, ಪ್ರತಿ ವಾರ.

ಆಗಸ್ಟ್‌ನ ಒಂದು ಭಾನುವಾರ ಮೋಡವಿಲ್ಲದ ಆಕಾಶದಲ್ಲಿ ಸಣ್ಣ ವಿಮಾನವೊಂದು ಗುಂಯ್‌ಗುಡುತ್ತ, ಉಳುವವನ ಹಾಗೆ ಆಚೆಯಿಂದ ಈಚೆಗೆ ಸಾಲು ಹೊಡೆಯತೊಡಗಿತು.

"ಅಜ್ಜಿ, ಫೋಟೋದವರು!"

ಆನಿಸ್ ತಲೆವಸ್ತ್ರ ಸರಿಮಾಡಿಕೊಂಡು, ಕೈಗಳನ್ನು ಮಡಿಲಲ್ಲಿ ಜೋಡಿಸಿ ನೆಟ್ಟಗೆ ಕೂತಳು. ರ್ಯಾಂಡಲ್ ಟೋಪಿ ಬೀಸಹೋದ. "ಅಲ್ಲಾಡ್ಬೇಡ ಕಣೋ," ಎಂದಳು ತುಟಿ ಅಲುಗಿಸದೆ. "ಕೆಟ್ಟುಹೋಗುತ್ತೆ."

*

ಆ ಹಾಳೆ ಬಂದದ್ದು ನವೆಂಬರ್‌ನಲ್ಲಿ. ಆ ಹೊತ್ತಿಗೆ ಆನಿಸ್ ಹೊರಗೆ ಹೋಗುವ ಹವೆಯಿರಲಿಲ್ಲ. ಅವಳ ಕೆಮ್ಮು ಅಡುಗೆಮನೆಯವರೆಗೂ ಕೇಳುತ್ತಿತ್ತು. ಎಲ್ಲರೂ ಮುಂದಿನ ಕೋಣೆಯಲ್ಲಿ ಅವಳ ಹಾಸಿಗೆಯ ಸುತ್ತ ಸೇರಿದರು. ಲೋರ್ನಾ ಹಾಳೆಯನ್ನು ತಟ್ಟೆಯ ಮೇಲಿಟ್ಟು ಹಿಡಿದಳು.

ಬಳುವಳಿ ಹೊಲದ ನಡುವೆ ಕಪ್ಪಗೆ ಹೊಳೆಯುವ ಒಂದು ತೊಟ್ಟು ಇತ್ತು. ಅದರ ಅಂಚಿಗೆ ಬೆಳ್ಳನೆಯ ಒಂದು ಚುಕ್ಕೆ.

"ಅದ್ಯಾವುದು ಕುರಿ?" ಎಂದಳು ಆನಿಸ್.

"ಅದು ನೀನೇ ಅಜ್ಜಿ. ನಿನ್ನ ತಲೆವಸ್ತ್ರ."

"ನಾನಾ!" ಭೂತಗನ್ನಡಿಯನ್ನು ಇನ್ನೂ ಹತ್ತಿರಕ್ಕೆ ಹಿಡಿದಳು. ರ್ಯಾಂಡಲ್ ಅವಳ ಕೈಯ ಕೆಳಗೆ ತನ್ನ ಕೈಯಿಟ್ಟ. ಅವಳು ಬೇಡವೆನ್ನಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಿಯನ್ನು ಚುಕ್ಕೆಯಿಂದ ನೀರಿಗೆ, ನೀರಿನಿಂದ ಆಚೆಯ ದಡಕ್ಕೆ ಸರಿಸಿದಳು.

"ನೀರುಕೋಳಿ ಎಲ್ಲಿ?"

ಮೇವಿಸ್ ಗಂಡನ ಮುಖ ನೋಡಿದಳು. ಡಟನ್ ಹೊಂಡದಲ್ಲಿದೆ ಎಂದು ಹೇಳುವವರಿರಲಿಲ್ಲ. ಇಲ್ಲೇ ಇದೆ ಎಂದು ಹೇಳುವವರೂ ಈಗ ಆ ಮನೆಯಲ್ಲಿರಲಿಲ್ಲ.

"ಅಷ್ಟು ಮೇಲಿಂದ ಕೋಳಿ ಕಾಣ್ಸಲ್ಲ ಅಜ್ಜಿ," ಎಂದಳು ಲೋರ್ನಾ. "ಮನುಷ್ಯರೇ ಚುಕ್ಕೆ."

"ಕಾಣ್ಸಲ್ವಾ?"

"ಇದ್ರೂ ಕಾಣ್ಸಲ್ಲ."

"ಹಾಗಾದ್ರೆ ಇದ್ರೂ ಇರಬಹುದು," ಎಂದಳು ಆನಿಸ್. ದಿಂಬಿಗೆ ಒರಗಿದಳು. "ರ್ಯಾಂಡಲ್, ಚಮಚ ಕಟ್ಟಿದ ಕೋಲು ಎಲ್ಲಿಟ್ಟಿದ್ದೀಯ?"

"ಕೊಟ್ಟಿಗೇಲಿದೆ ಅಮ್ಮ. ಈಗಿನ್ನೂ ನವೆಂಬರ್."

"ತಿಂಗಳು ಕೇಳಿದ್ನಾ ನಾನು? ಕೋಲು ಕೇಳಿದೆ. ತಂದು ಈ ಮೂಲೇಲಿ ಇಡು, ಕಣ್ಣಿಗೆ ಬೀಳೋ ಹಾಗೆ."

ಅವನು ತರಲು ಹೋದ. ಲೋರ್ನಾ ನೀಲಿ ಪೆನ್ಸಿಲನ್ನು ಚೂಪು ಮಾಡಿಕೊಂಡು, ಹೊಂಡದ ಸುತ್ತ ಉಂಗುರ ಬರೆದಳು. ಎಂದಿಗಿಂತ ಕೊಂಚ ದೊಡ್ಡದಾಗಿಯೇ ಬರೆದಳು, ಬಿಳಿ ಚುಕ್ಕೆ ಒಳಗೇ ಉಳಿಯುವ ಹಾಗೆ.